ಜಂಪರಿನ ಮ್ಯಾಲಿನ ತೊಟ್ಟಿಲು

ದೆವ್ವ, ಗಾಳಿ, ಮಾಟ ಅಂತ ಯಾರಾದರೂ ಶುರು ಮಾಡಿದ್ರ ನಾ ಎದ್ದು ಒಳಗ ಹೋಗಾಕಿ. ದುಡಿಯೋರಿಗಿ ಅಂಥ ಮಾತಿಗಿ ಫುರಸತ್ತು ಎಲ್ಲಿ ಅದರಿ? ಇದನ್ನ ಓದಿ ನೀವು ನಕ್ಕರೂ ನನಗ ಸಿಟ್ಟಿಲ್ಲ. ಇನ್ನೊಬ್ಬರು ಹೇಳಿದ್ರ ನಾನೂ ನಗತಿದ್ದೆ.

ಜಹೀರಾಬಾದದಾಗ ನಮ್ಮ ಮನಿ ಮುಂದಿನ ಖೋಲ್ಯಾಗ ಸೀರಿ ಮ್ಯಾಲಿನ ಜಂಪರಿಗಿ ಕಸೂತಿ ಹಾಕೋ ಕಂಪ್ಯೂಟರ್ ಮಶೀನ್ ಅದ. ಅದನ್ನ ತಂದಾಕಿ ನನ್ನ ನೆಗೆಣ್ಣಿ, ಭಾವನ ಹೆಂಡತಿ ನೀಲವ್ವ. ಕಂಪ್ಯೂಟರಿನಾಗ ಚಿತ್ರ ತೆಗೆಯಾಕಿ ಆಕಿ, ಹೊಲಿಯಾಕಿ ನಾ. ಒಮ್ಮೆ ಆಕಿ ಬಸಿರಾದಾಗ, ಏಳನೇ ತಿಂಗಳ ಕುಬಸದ ಕಾರ್ಯಕ್ಕ ತಾ ತೊಡೋ ಜಂಪರಿಗಂತ ತೊಟ್ಟಿಲು, ಗಿಣಿ ತೆಗೀಲಾಕ ಹತ್ತಿದ್ದಳು. ಬಸಿರು ನಿಲ್ಲಲಿಲ್ಲ. ನನ್ನ ಕಣ್ಣೆದುರಿಗೇ ಆ ಚಿತ್ರ ಅಳಿಸಿಬಿಟ್ಟಳು. ಮುಂದ ಮಕ್ಕಳಾಗಲಿಲ್ಲ ಅಂತ ಮನಿ ಮಂದಿ ಕೋರ್ಟಿನಾಗ ಡೈವೋರ್ಸ್ ಮಾಡಿಸಿ ಆಕಿನ್ನ ನಾರಾಯಣಖೇಡದ ತವರಿಗಿ ಕಳಿಸಿದ್ರು. ಭಾವ ತೋರಿಸಿದಲ್ಲಿ ಸಹಿ ಹಾಕಿದ. ಹೆತ್ತವರಿಗೆ ಹೆಗ್ಗಣ ಮುದ್ದು. ಅತ್ತಿ ಅವನಿಗಿ ಇನ್ನೊಂದು ಹೆಣ್ಣು ನೋಡಿದ್ರು.

ಆ ಮದುಮಗಳ ಜಂಪರ್ ನೀಲವ್ವನ ಮಶೀನಿನ ಮ್ಯಾಲೆ ನಾನೇ ಮಾಡಬೇಕಂತ. ನನಗ ಮನಸ್ಸಿರಲಿಲ್ಲ. ಆದರ ಅದೇ ಮನಿ ಅನ್ನ ಉಣ್ಣಾಕಿ ನಾ, ಹೂಂ ಅಂದೆ.

ಲಗ್ನ ನಾಳಿ ಅನ್ನಾಗ ಮಶೀನ್ ಕೈಕೊಟ್ಟಿತು. ಅದರ ಪ್ರೋಗ್ರಾಂ ತಾನೇ ಅಪ್‌ಡೇಟ್ ಆಗಿ, ಮದುಮಗಳಿಗಂತ ಆರಿಸಿದ್ದ ನವಿಲಿನ ಚಿತ್ರ ಕೊಟ್ಟರ ಬರೇ ಗಂಟು ಗಂಟು ದಾರ. ಸೀರಿ ಜೋಡಿ ಬಂದ ಬಟ್ಟಿ ಒಂದೇ ತುಂಡು. ಅದು ಕೆಟ್ಟರ, ನೀಲವ್ವನ ಕಡಿಯಾಕಿ ಬೇಕಂತಲೇ ಕೆಡಿಸಿದಳು ಅಂತ ನನ್ನನ್ನೂ ಹೊರಗ ಹಾಕೋದು ಗ್ಯಾರಂಟಿ. ತಾಂಡೂರಿನ ರಿಪೇರಿಯವನಿಗಿ ಫೋನ್ ಹಚ್ಚಿದೆ.

“ಅಪ್‌ಡೇಟ್ ಆದ ಮ್ಯಾಲೇ ಕೆಟ್ಟದಲ್ಲರಿ ಅಕ್ಕಾ, ಕಂಪ್ಯೂಟರನ್ನ ಅದಕ್ಕಿಂತ ಹಿಂದಿನ ತಾರೀಖಿಗಿ ಒಯ್ಯೋಣ್ರಿ,” ಅಂದ. ಅವ ಹೇಳಿದಂಗ ಒಂದೊಂದೇ ಒತ್ತಿದೆ. ಅಳಿಸಿದ್ದು ಏನರ ತಿರುಗಿ ಬರ್ತದೇನಪಾ ಅಂತ ಸುಮ್ಮನೇ ಕೇಳಿದೆ. “ಇಲ್ಲರಿ, ಪ್ರೋಗ್ರಾಂ ಅಷ್ಟೇ ಹಿಂದಕ್ಕ ಹೋಗ್ತದ,” ಅಂದ.

ಚಿಂದಿ ಬಟ್ಟಿ ಮ್ಯಾಲೆ ನವಿಲು ಹಾಕಿ ನೋಡಿದೆ, ಸರಿ ಬಂತು. ಜಂಪರಿನ ಬೆನ್ನಿನ ಬಟ್ಟಿ ಫ್ರೇಮಿಗಿ ಬಿಗಿದು, ಮಶೀನ್ ಚಾಲು ಮಾಡಿ, ಮಧ್ಯಾಹ್ನದ ರೊಟ್ಟಿ ಬಡೀಲಾಕ ಒಳಗ ಹೋದೆ. ಹೊರಗ ಬಂದು ನೋಡ್ತೀನಿ, ಪರದೆ ಮ್ಯಾಲೆ ನವಿಲೇ ಅದ. ಬಟ್ಟಿ ಮ್ಯಾಲೆ ಮಾತ್ರ ತೊಟ್ಟಿಲು. ಅದರ ಆಚಿಗೊಂದು ಈಚಿಗೊಂದು ಗಿಣಿ. ಖೋಲಿಗಿ ಯಾರೂ ಬಂದಿರಲಿಲ್ಲ; ಒಲಿ ಮುಂದ ಕುಂತರ ಅದರ ಒಂದೇ ಬಾಗಿಲು ಕಾಣ್ತದ.

ಮಶೀನ್ ಬಂದ್ ಮಾಡಿದೆ. ಅಷ್ಟರಾಗ ಅತ್ತಿ ಬಂದ್ರು. ಬೈತಾರ ಅಂತ ನಿಂತೆ. ಅವರು ಬಟ್ಟಿ ಕಣ್ಣಿಗಿ ಒತ್ತಿಕೊಂಡ್ರು.

“ಶಿವನೇ ಕೊಟ್ಟಾನ ನೋಡು. ಲಗ್ನಕ್ಕೇ ತೊಟ್ಟಿಲು ಬಂತು. ಆ ಬಂಜಿ ಇದ್ದಾಗ ಒಂದಿನ ಇಂಥದು ಕಂಡಿದ್ವೇನು?”

ಸಂಜಿತನಕ ಕುಂತು ಜಂಪರ್ ಹೊಲಿದು ಕೊಟ್ಟೆ. ಮರುದಿನ ಮದುಮಗಳು ಅದನ್ನೇ ತೊಟ್ಟಳು.

ರಿಪೇರಿಯವ ಆಮ್ಯಾಲೆ ಖುದ್ದ ಬಂದು ಕಂಪ್ಯೂಟರ್ ಪೂರಾ ಜಾಲಾಡಿದ. ಅಂಥ ಚಿತ್ರ ಅದರಾಗ ಇರಲೇ ಇಲ್ಲ. ನೀವೇ ಏನೋ ಗಲತ್ ಒತ್ತೀರಿ ಅಂದ. ಒತ್ತಲಾಕ ಆ ಚಿತ್ರ ಇರಬೇಕಲ್ಲರಿ?

ತಡೀಲಾರದೆ ನೀಲವ್ವಗ ಫೋನ್ ಮಾಡಿದೆ. ನಡೆದದ್ದೆಲ್ಲಾ ಹೇಳಿದೆ. ಆಕಿ ಕೇಳಿದಳು.

“ಗಿಣಿ ಎಷ್ಟವ?”

“ಎರಡು.”

“ನಾ ಒಂದೇ ಮಾಡಿದ್ದೆ, ತಂಗಿ. ಇನ್ನೊಂದು ಮಾಡೂದ್ರಾಗ ಹೊಟ್ಯಾಗಿಂದು ಹೋಗಿಬಿಡ್ತು.”

ಆ ಎರಡನೇ ಗಿಣಿ ಎಲ್ಲಿಂದ ಬಂತು, ನನಗ ಇವತ್ತಿಗೂ ತಿಳಿದಿಲ್ಲ. ಫೋನ್ ಇಡೋ ಮುಂದ ನೀಲವ್ವ ಇನ್ನೊಂದೇ ಮಾತು ಕೇಳಿದಳು.

“ಜಂಪರ್ ಮದುಮಗಳಿಗಿ ಒಪ್ಪಿತ್ತೇನು?”

ಒಪ್ಪಿತ್ತು. ಅದನ್ನೇ ಹೇಳಿದೆ.