ನಸ್ರೀನ್ ಅಕ್ಕನ ಹೊಸ ಇಮೇಲಿಗೆ ಬಂದ ನಂಬರು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ನಡುವೆಯೇ ಎದ್ದು ಹೋಗುತ್ತಿದ್ದವನು. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದೂ ಕಂಪನಿಯೊಂದರ ಇಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸ. ಒಂದು ಇಮೇಲು ಎಲ್ಲಿಂದ ಹೊರಟಿತು, ಯಾವ ದಾರಿ ಹಿಡಿಯಿತು, ಎಲ್ಲಿ ಸಿಕ್ಕಿಕೊಂಡಿತು ಎಂದು ಹುಡುಕಿ ಹೇಳುವುದೇ ನನ್ನ ಕಸುಬು. ಆದ್ದರಿಂದ ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ.

ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಅಮೆರಿಕದ ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಮೈಸೂರಿನ ನಸ್ರೀನ್ ಅಕ್ಕ ಇದ್ದರು. ಒಂದು ಶುಕ್ರವಾರ ಅವರ ಆಫೀಸೂ ಮುಚ್ಚಿತು. ಬೆಳಿಗ್ಗೆ ಮೀಟಿಂಗು, ಮಧ್ಯಾಹ್ನದ ಹೊತ್ತಿಗೆ ಎಲ್ಲರ ಇಮೇಲೂ ಬಂದ್. ಮರುದಿನ ಬೆಳಿಗ್ಗೆ, ಹೊಸದಾಗಿ ಸ್ವಂತದ್ದೊಂದು ಇಮೇಲ್ ಮಾಡಿಕೊಡು ಎಂದು ನನ್ನನ್ನು ಕರೆದರು. ಮನೆಯ ಕಂಪ್ಯೂಟರಿನಲ್ಲೂ, ಅಂಗೈಯಲ್ಲಿ ಹಿಡಿಸುವ ಅವರ ಪುಟ್ಟ ಯಂತ್ರದಲ್ಲೂ ಅದು ಸಿಗಬೇಕಿತ್ತು.

ಅವರ ಕಣ್ಣು ಊದಿಕೊಂಡಿತ್ತು. ಕೆಲಸ ಹೋದ ದುಃಖವೆಂದು ತಿಳಿದೆ. ಅದಲ್ಲ. ಅವರ ತಮ್ಮ ಸಲೀಂ ಐದು ವರ್ಷದ ಹಿಂದೆ ತಂದೆಯ ಜೊತೆ ಜಗಳವಾಡಿ ಮನೆ ಬಿಟ್ಟಿದ್ದ. ವರ್ಷಕ್ಕೊಮ್ಮೆ ಯಾವುದೋ ಬ್ರೌಸಿಂಗ್ ಸೆಂಟರಿನಿಂದ, ಪ್ರತಿ ಸಲವೂ ಬೇರೆ ಐಡಿಯಿಂದ, ಅಕ್ಕನ ಆಫೀಸಿನ ವಿಳಾಸಕ್ಕೆ ಎರಡು ಸಾಲು ಬರೆಯುತ್ತಿದ್ದನಂತೆ. ಚೆನ್ನಾಗಿದ್ದೇನೆ, ಹುಡುಕಬೇಡಿ. ಎಲ್ಲಿದ್ದಾನೆಂದು ತಿಳಿಸುತ್ತಿರಲಿಲ್ಲ. ಅಕ್ಕ ಬರೆದದ್ದಕ್ಕೆ ಒಮ್ಮೆಯೂ ಉತ್ತರ ಬಂದಿರಲಿಲ್ಲ.

“ಅವನಿಗೆ ಗೊತ್ತಿದ್ದಿದ್ದು ಆ ಒಂದು ಅಡ್ರೆಸ್ಸೇ ಕಣಪ್ಪ,” ಎಂದರು. “ಇನ್ನು ಅವನು ಬರೆದ್ರೂ ಯಾರಿಗೆ ಬರುತ್ತೆ?”

ಹೆಸರು, ಪಾಸ್‌ವರ್ಡು, ಸರ್ವರಿನ ವಿವರ ಎಲ್ಲವನ್ನೂ ಎರಡೂ ಕಡೆ ತುಂಬಿದೆ. ಆ ವಿಳಾಸ ನಮ್ಮಿಬ್ಬರನ್ನು ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಪುಟ್ಟ ಯಂತ್ರದ ಪರದೆಯ ಮೇಲೆ ಅದರ ಕಡ್ಡಿಯಿಂದ ‘ಟೆಸ್ಟ್’ ಎಂಬ ಒಂದೇ ಪದ ಬರೆದು, ಅಕ್ಕನ ವಿಳಾಸದಿಂದ ಅದೇ ವಿಳಾಸಕ್ಕೆ ಕಳಿಸಿ, ಇಂಟರ್ನೆಟ್ಟಿಗಾಗಿ ಮನೆಯ ಫೋನ್ ಲೈನನ್ನು ಕಂಪ್ಯೂಟರಿಗೆ ಸಿಕ್ಕಿಸಿದೆ.

ಕಂಪ್ಯೂಟರಿಗೆ ಇಮೇಲು ಬಂತು. ಕಳಿಸಿದವರ ಹೆಸರು ಅಕ್ಕನದೇ. ತೆರೆದರೆ ‘ಟೆಸ್ಟ್’ ಇರಲಿಲ್ಲ. ಒಂದು ಫೋನ್ ನಂಬರಿತ್ತು. ಇಂಡಿಯಾದ್ದು. ಮೊದಲ ಅಂಕಿಗಳು ಬೀದರಿನ ಕೋಡು. ನಾನು ಆ ಕಡೆಯವನಾದ್ದರಿಂದ ಗುರುತು ಹತ್ತಿತು.

ಪುಟ್ಟ ಯಂತ್ರದಲ್ಲಿ, ಕಳಿಸಿದ್ದನ್ನು ತೆಗೆದು ನೋಡಿದೆ. ಅಲ್ಲಿ ‘ಟೆಸ್ಟ್’ ಎಂದೇ ಇತ್ತು. ಹೊರಗೆ ಎಲ್ ಕಮಿನೋ ರಸ್ತೆಯಲ್ಲಿ ಚುರುಗುಡುವ ಬಿಸಿಲು. ಎಲ್ಲೋ ಗಲಿಬಿಲಿಯಾಗಿದೆ, ಮತ್ತೊಮ್ಮೆ ಕಳಿಸೋಣ ಎಂದೆ. ಅಕ್ಕ ಕೇಳಿಸಿಕೊಳ್ಳಲಿಲ್ಲ. ವೈರು ಕಿತ್ತು ಫೋನಿಗೆ ಹಾಕಿ, ಇಂಡಿಯಾಕ್ಕೆ ಮಾತಾಡಲು ಕೊಂಡಿದ್ದ ಕಾಲಿಂಗ್ ಕಾರ್ಡು ಹಿಡಿದು ನಂಬರು ಒತ್ತತೊಡಗಿದರು. ಎರಡು ಸಲ ತಪ್ಪಿತು.

ಮೂರನೆಯ ಸಲ ಯಾರೋ ಎತ್ತಿಕೊಂಡರು. ಅಕ್ಕ “ಸಲೀಂ?” ಎಂದರು. ಅತ್ತಲಿಂದ ಬಂದದ್ದು ತಮ್ಮನದೇ ದನಿ.

ಅಕ್ಕ, ತಮ್ಮ ಇಬ್ಬರೂ ಮನೆಮಾತಾದ ಉರ್ದುವಿನಲ್ಲಿ ಆಡಿದ್ದು ನನಗೆ ಅರ್ಧಂಬರ್ಧ ತಿಳಿಯಿತು. ತಮ್ಮ ಮೊದಲು ಕೇಳಿದ್ದೇನೆಂದು ಅಕ್ಕ ಆಮೇಲೆ ಹೇಳಿದರು. “ಆಪಾ, ಈ ನಂಬರ್ ಯಾರು ಕೊಟ್ರು? ರೂಮಿಗೆ ಹೊಸ ಫೋನ್ ಹಾಕಿ ಹೋಗಿ ಇನ್ನೂ ಐದು ಗಂಟೆ ಆಗಿಲ್ಲ. ನಾನು ಯಾರಿಗೂ ಹೇಳೇ ಇಲ್ಲ.”

ಅವನು ಆ ದಿನ ಯಾರಿಗೂ ಏನೂ ಬರೆದಿರಲಿಲ್ಲ. ತಂದೆಗೆ ಫೋನು ಮಾಡಬೇಕೆಂದು ಒಂದೆರಡು ಸಲ ಕೈಗೆತ್ತಿಕೊಂಡು ಇಟ್ಟಿದ್ದನಂತೆ, ಅಷ್ಟೇ.

ಸಲೀಂ ಮುಂದಿನ ತಿಂಗಳು ಮೈಸೂರಿಗೆ ಹೋಗಿ ತಂದೆಯನ್ನು ಕಂಡ. ನಾನು ಮಾತ್ರ ವಾರಗಟ್ಟಲೆ ಆ ಇಮೇಲಿನ ಜಾಡು ಹಿಡಿದು ಕೂತೆ. ಅದು ದಾಟಿ ಬಂದ ಪ್ರತಿ ಸರ್ವರಿನ ಹೆಸರು, ಗಂಟೆ, ನಿಮಿಷ ಎಲ್ಲವೂ ದಾಖಲಾಗಿದ್ದವು. ಒಂದೂ ತಪ್ಪಿರಲಿಲ್ಲ. ತಪ್ಪಿದ್ದರೆ ನೆಮ್ಮದಿಯಾಗಿರುತ್ತಿತ್ತು. ಅಕ್ಕನ ಮುಂದೆ ಇದನ್ನೆಲ್ಲ ಹೇಳಿದರೆ, “ಸಿಕ್ಕಿದನಲ್ಲ, ಇನ್ನೇನು ಬೇಕು? ಟೀ ಕುಡಿ,” ಎಂದರು.

ಮರುವರ್ಷ ನನ್ನ ಕೆಲಸವೂ ಹೋಯಿತು. ನಾನೂ ಸ್ವಂತದ್ದೊಂದು ವಿಳಾಸ ಮಾಡಿಕೊಂಡೆ. ನನಗೆ ನಾನೇ ‘ಟೆಸ್ಟ್’ ಎಂದು ಕಳಿಸಿ, ಬಂದದ್ದನ್ನು ತೆರೆಯದೆ ಸುಮಾರು ಹೊತ್ತು ಕೂತಿದ್ದೆ. ನನ್ನ ಜೊತೆಯೂ ಮಾತು ಬಿಟ್ಟವರೊಬ್ಬರಿದ್ದಾರೆ. ಆಮೇಲೆ ತೆರೆದೆ. ನಾನು ಬರೆದ ‘ಟೆಸ್ಟ್’ ಅಷ್ಟೇ ಇತ್ತು. ಆಗ ನನಗಾದದ್ದು ಸಮಾಧಾನವೋ, ಹೊಟ್ಟೆಕಿಚ್ಚೋ, ಇವತ್ತಿಗೂ ಹೇಳಲಾರೆ.