ಉಲಮಿಲಳ ನೀಲಿ ತಲೆ

ನಮ್ಮೂರು ನಾಸೊಲೊಗೆ ದೋಣಿಯಲ್ಲಿ ಬರುವವರಿಗೆ ಮೊದಲು ಕಾಣುತ್ತಿದ್ದದ್ದು ಚರ್ಚಿನ ಗೋಪುರವಲ್ಲ, ಉಲಮಿಲಳ ಕೂದಲು. ಅವಳು ದಂಡೆಯಲ್ಲಿ ಏಡಿ ಹಿಡಿಯಲು ಬಗ್ಗಿದರೆ ಪಕ್ಕದ ಮಕ್ಕಳಿಗೆ ನೆರಳಾಗುವಷ್ಟು ದುಂಡನೆಯ, ದಟ್ಟನೆಯ ಮಂಡೆ. ರಾಜಧಾನಿ ಸುವಾದ ಆಸ್ಪತ್ರೆಯವರು ಅವಳ ಎದೆಯ ಗಂಟಿನ ಮೇಲೆ ಔಷಧಿಯ ದಂಡು ನುಗ್ಗಿಸಿದರು. ಗಂಟು ಶರಣಾಗಲೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಕೂದಲು ರಾಜ್ಯ ಬಿಟ್ಟು ಓಡಿತು.

ನಾನು ಅವಳ ಸೋದರಮಾವನ ಮಗಳು. ನಮ್ಮಲ್ಲಿ ಆ ವರಸೆಯವರು ಒಬ್ಬರನ್ನೊಬ್ಬರು ಅಣಕಿಸದಿದ್ದರೆ ಅದೇ ಅವಮಾನ. ಹಾಗಾಗಿ ಅವಳು ದೋಣಿ ಇಳಿದ ಕೂಡಲೇ, "ಏನೇ, ಸುವಾದವರು ಚೆನ್ನಾಗಿ ಹೆರೆದು ಕೆಸುವಿನ ಗೆಡ್ಡೆ ಕಳಿಸಿದಾರಲ್ಲೇ" ಅಂದೆ.

"ಹಸಿಯಾಗೇ ತಿನ್ನು. ನಿನ್ನ ಗಂಟಲು ತುರಿಸಿಯಾದರೂ ಬಾಯಿ ಮುಚ್ಚಲಿ" ಅಂದಳು. ನಾಲಿಗೆಗೆ ಏನೂ ಆಗಿಲ್ಲವೆಂದು ಸಮಾಧಾನವಾಯಿತು.

ನಾಲಿಗೆಯ ಮಿಕ್ಕ ಕೆಲಸಗಳು ಕೆಟ್ಟಿದ್ದವು. ಬಾಯಿ ತುಂಬ ಹುಣ್ಣು. ಉಪ್ಪುನೀರು ಮುಕ್ಕಳಿಸುವುದನ್ನು ನೋಡಿದರೆ ಸಮುದ್ರ ಹುಟ್ಟಿದ್ದೇ ಇವಳ ಬಾಯಿಂದ ಅನ್ನಿಸುತ್ತಿತ್ತು. ಏನು ತಿಂದರೂ ತುಕ್ಕು ಹಿಡಿದ ಮೊಳೆಯ ರುಚಿ. ಆದರೆ ತಪ್ಪನ್ನು ಸ್ವಂತ ನಾಲಿಗೆಯ ಮೇಲೆ ಹೊರಿಸುವ ಹೆಣ್ಣಲ್ಲ ಅವಳು. ತೆಂಗಿನಹಾಲಿನ ಮೀನುಸಾರು ತಂದುಕೊಟ್ಟ ಪ್ರತಿಯೊಬ್ಬಳಿಗೂ ಪಾತ್ರೆ ಬದಲಾಯಿಸಲು ಸಲಹೆ ಕೊಟ್ಟಳು. ಬೆರಳ ತುದಿ ಮರಗಟ್ಟಿ ಚಾಪೆ ಹೆಣೆಯಲು ಆಗುತ್ತಿರಲಿಲ್ಲ. ಬೇರೆಯವರು ಹೆಣೆದ ಚಾಪೆಯಲ್ಲಿ ತಪ್ಪು ಹುಡುಕುವ ಸಮಾಜಸೇವೆಗೆ ಇಳಿದಳು.

ಇದನ್ನೆಲ್ಲ ಊರು ಸಹಿಸಿತು. ಸಹಿಸದೇ ಹೋದದ್ದು ಟೋಪಿಯನ್ನು.

ಊರೊಳಗೆ ತಲೆ ಮುಚ್ಚುವ ಹಕ್ಕು ದೊರೆಗೊಬ್ಬನಿಗೇ. ನಾವೆಲ್ಲ ತೋಟದಲ್ಲಿ ಹಾಕಿದ ಟೋಪಿಯನ್ನು ಮೊದಲ ಮನೆ ಕಾಣುತ್ತಲೇ ಕಂಕುಳಿಗೆ ಸೇರಿಸುವವರು. ಉಲಮಿಲಳ ಬೋಳುನೆತ್ತಿಯೋ ಒಂದೇ ಬೆಳಗಿನ ಬಿಸಿಲಿಗೆ ಗುಳ್ಳೆಯೆದ್ದಿತು. ಮಗಳು ಹೆಣೆದುಕೊಟ್ಟ ನೀಲಿ ಹತ್ತಿ ಟೋಪಿ ಏರಿಸಿ ಅವಳು ರಾಜಾರೋಷವಾಗಿ ನಲ್ಲಿಗೆ ನಡೆದಳು.

ದೊರೆಯ ಕಟ್ಟಳೆಗಳನ್ನು ಜಾರಿಮಾಡುವ ಊರ ಮುಖಂಡ ಕಾಮಿನಿಯೇಲಿ ಕಾನೂನಿನ ಅವತಾರ. ಅವನನ್ನು ಕಂಡರೆ ಹಂದಿಗಳೂ ಸಾಲಾಗಿ ನಡೆಯುತ್ತವೆ. ಆದರೆ ವಿಧಿಯಾಟ ನೋಡಿ, ಅವನು ಉಲಮಿಲಳಿಗೆ ವರಸೆಯಲ್ಲಿ ಅಣ್ಣ. ನಮ್ಮಲ್ಲಿ ಪ್ರಾಯಕ್ಕೆ ಬಂದಮೇಲೆ ಅಣ್ಣ ತಂಗಿಯ ಜೊತೆ ಮಾತಾಡುವಂತಿಲ್ಲ, ಮುಖ ಕೊಟ್ಟು ನೋಡುವಂತಿಲ್ಲ. ಒಂದು ಕಟ್ಟಳೆ ಉಳಿಸಹೋದರೆ ಇನ್ನೊಂದು ಮುರಿಯುತ್ತದೆ. ನಮ್ಮ ಈ ಮಹಾವೀರ ಒಂದು ಉಪಾಯ ಹೂಡಿದ. ಅವಳ ಅಂಗಳದ ಜೀಗುಜ್ಜೆ ಮರದ ಮುಂದೆ ನಿಂತು, ಕೆಲವರು ದೊರೆಯನ್ನು ಅವಮಾನಿಸುತ್ತಿದ್ದಾರೆಂದು ಮರಕ್ಕೆ ತಿಳಿಸಿದ. ಒಳಗಿನಿಂದ ಅವಳು, ಕೆಲವರಿಗೆ ಕೂದಲಿದ್ದರೂ ಅದರ ಕೆಳಗೆ ಏನೂ ಇಲ್ಲವೆಂದು ತನ್ನ ಕೋಳಿಗೆ ತಿಳಿಸಿದಳು. ವಾರವಿಡೀ ಮರಕ್ಕೂ ಕೋಳಿಗೂ ಘನಘೋರ ಯುದ್ಧ. ಕೊನೆಗೆ ಅವನ ಹೆಂಡತಿ ಆಜ್ಞೆ ಹೊತ್ತು ಬಂದಳು. ಟೋಪಿ ತೆಗೆಯಬೇಕು, ಇಲ್ಲವೇ ಹೊಸಿಲು ದಾಟಬಾರದು; ಎರಡೂ ಆಗದಿದ್ದರೆ ಸುವಾದ ಮಗಳ ಮನೆಗೆ ಹೋಗಬೇಕು.

ಆ ದಿನ ಉಲಮಿಲ ಅಣಕವಾಡಲಿಲ್ಲ. "ಸುವಾದಲ್ಲಿ ನಾನು ರೋಗಿ ಕಣೇ," ಅಂದಳು. "ಇಲ್ಲಿ ಬರೀ ಜಗಳಗಂಟಿ. ನಾನು ಇಲ್ಲೇ ಇರ್ಬೇಕು."

ಏನಾದರೂ ಬೇಡಲು ಹೋಗುವಾಗ ದೊರೆಗೆ ಒಪ್ಪಿಸುವ, ಕುಟ್ಟಿ ನೀರಲ್ಲಿ ಕದಡಿ ಕುಡಿಯುವ ಕಾವಾ ಬೇರಿನ ಕಟ್ಟು ಹಿಡಿದು ಇಬ್ಬರೂ ದೊರೆಯ ಮನೆಗೆ ಹೋದೆವು. ಬಾಗಿಲಲ್ಲೇ ಅವಳು ಟೋಪಿ ತೆಗೆದಳು. ಬೇರನ್ನು ಮುದಿದೊರೆಯ ಮುಂದಿಟ್ಟು ಅವಳ ಪರವಾಗಿ ನಾನೇ ಬೇಡಿಕೊಂಡೆ. ಅಡ್ಡಿ ಹೇಳುವುದು ಅಲ್ಲೇ ಕೂತಿದ್ದ ಕಾಮಿನಿಯೇಲಿಯ ಧರ್ಮ; ಆದರೆ ಎದುರಿಗೇ ತಂಗಿ. ಅವನು ನಡುವಿದ್ದ ಕಾವಾ ಬೋಗುಣಿಯತ್ತ ತಿರುಗಿ, ಅದರ ಉದ್ಧಟತನವನ್ನು ಖಂಡಿಸಿ, ಹಿರಿಯರ ಹೆಸರೆತ್ತಿ ಬೈಯತೊಡಗಿದ.

ಅರೆಗಿವುಡ ದೊರೆ ನನ್ನ ಕಡೆ ಬಾಗಿದ. "ಇವನ್ಯಾಕಮ್ಮ ಬೋಗುಣಿ ಜೊತೆ ಜಗಳ ಆಡ್ತಿದಾನೆ?"

"ಬೋಗುಣಿ ಟೋಪಿ ಹಾಕಿತ್ತಂತೆ, ದೊರೆ."

ಮುದುಕ ಉಲಮಿಲಳನ್ನು ಹತ್ತಿರ ಕರೆದು ಗುಳ್ಳೆಯೆದ್ದ ನೆತ್ತಿಯನ್ನು ಸುಮಾರು ಹೊತ್ತು ನೋಡಿದ. ಬೋಗುಣಿಯೂ ಕಾಮಿನಿಯೇಲಿಯೂ ಸುಮ್ಮನಾದರು.

"ಟೋಪಿ ಅಂದ್ರೆ ಕೂದಲಿನ ಮೇಲೆ ಹಾಕೋದು," ಅಂದ ದೊರೆ. "ಕೂದಲೇ ಇಲ್ಲದ ಕಡೆ ಇರೋದು ಟೋಪಿ ಹೇಗಾಗುತ್ತೆ? ಅದು ಕೂದಲು." ತೆಂಗಿನ ಚಿಪ್ಪೆತ್ತಿ ಕಾವಾ ಕುಡಿದ. ನಾವು ಚಪ್ಪಾಳೆ ತಟ್ಟಿದೆವು. ಶಾಸ್ತ್ರ ಮುಗಿಯಿತು.

ಸಂಜೆ ಕಾಮಿನಿಯೇಲಿ ಬೀದಿಬೀದಿಯಲ್ಲಿ ಸಾರಿದ. ಇನ್ನೊಬ್ಬರ ತಲೆ ಮುಟ್ಟುವುದು ನಮ್ಮಲ್ಲಿ ಮಹಾಪಾಪ. ಆದ್ದರಿಂದ ಉಲಮಿಲಳ ನೀಲಿ ಕೂದಲನ್ನು ಯಾರಾದರೂ ಕಿತ್ತು ಓಡಿದರೆ ಚರ್ಚಿನ ಅಂಗಳವಿಡೀ ಗುಡಿಸಬೇಕು. ಹಾಗೆ ಓಡಲು ಹೊಂಚು ಹಾಕಿದ್ದ ಪಡ್ಡೆಗಳು ಪೆಚ್ಚಾದರು. ಕಾನೂನಿಗೆ ಇಷ್ಟು ನಿಷ್ಠಾವಂತ ಗುಲಾಮ ಇನ್ನೊಬ್ಬನಿಲ್ಲ.

ಮರುದಿನ ಅವನೇ ನನ್ನನ್ನು ದಾರಿಯಲ್ಲಿ ತಡೆದ. ಮುಖದಲ್ಲಿ ನಿಜವಾದ ಸಂಕಟ. ಊರಲ್ಲಿ ಕೂದಲಿಗೆ ಬಣ್ಣ ಹಚ್ಚುವುದು ನಿಷಿದ್ಧವಲ್ಲ, ಆ ಕೂದಲು ಸ್ವಲ್ಪ ಕಪ್ಪಾಗಲು ಸಾಧ್ಯವೇ ಎಂದು ಕೇಳಿದ. ನಾನು ಕುಣಿಯುತ್ತಾ ಸುದ್ದಿ ಒಯ್ದೆ.

ಉಲಮಿಲ ಮುಕ್ಕಳಿಸುತ್ತಿದ್ದ ಉಪ್ಪುನೀರು ಉಗಿದಳು. "ಕಪ್ಪಾಗಲ್ಲ, ಬೆಳ್ಳಗಾಗತ್ತೆ ಅಂತ ಹೇಳು. ಅದಕ್ಕೆ ಇನ್ನೂ ಬಹಳ ವರ್ಷ ಬೇಕು. ಅಲ್ಲೀವರೆಗೂ ನಾನು ಇಲ್ಲೇ ಇರ್ತೀನಿ, ಅವನು ಕಾಯ್ಲಿ."

ಹೋಗಿ ಹೇಳಿದೆ. ಕಾಮಿನಿಯೇಲಿ ನೆಲ ನೋಡುತ್ತ ಕಟ್ಟಳೆಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದ.

"ಬೆಳ್ಳಗಾಗೋದಕ್ಕೆ ಅಡ್ಡಿ ಇಲ್ಲ," ಅಂದ. "ನಿಧಾನಕ್ಕೆ ಆಗಲಿ ಅಂತ ಹೇಳು."