ಹಮದ್ ಟೌನಿನಲ್ಲಿ ಒಂದು ಸೆನೆಟ್

ಬೆನ್ನ ಹಿಂದಿನ ಗೋಡೆಯಲ್ಲಿ ಬಹ್ರೇನಿನ ದೊರೆಯ ಭಾವಚಿತ್ರ, ಕೈಯಲ್ಲಿದ್ದ ಪುಸ್ತಕದ ಮೇಲೆ ವಾಷಿಂಗ್ಟನ್ನಿನ ಬಿಳಿ ಗುಮ್ಮಟ, ಎದುರಿಗೆ ಬಹ್ರೇನ್, ಈಜಿಪ್ಟ್, ಫಿಲಿಪೈನ್ಸ್, ಕೇರಳದ ಮಕ್ಕಳು, ನಡುವೆ ಶಿರ್ವದ ನಾನು. ಕಲಿಸಬೇಕಾದ ಪಾಠ ಅಮೆರಿಕದ ಸರ್ಕಾರ. ಆ ಕೋಣೆಯಲ್ಲಿ ಅಮೆರಿಕ ಕಂಡವರು ಒಬ್ಬರೂ ಇರಲಿಲ್ಲ. ನಗು ಬಂತು, ಆದರೆ ನನಗೆ ಆ ಕೆಲಸ ಬೇಕಿತ್ತು.

ಊರಿನ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದವಳು ನಾನು. ಗಂಡ ವಿಲ್ಫ್ರೆಡ್‌ಗೆ ಬಹ್ರೇನಿನ ಡಿಪ್ಲೊಮ್ಯಾಟಿಕ್ ಏರಿಯಾ ಎಂಬಲ್ಲಿಯ ಬ್ಯಾಂಕೊಂದರಲ್ಲಿ ನೌಕರಿ. ಮೊದಲ ವರ್ಷವಿಡೀ ಹಮದ್ ಟೌನಿನ ಫ್ಲ್ಯಾಟಿನಲ್ಲಿ ಒಬ್ಬಳೇ ಕುಳಿತು ಸಾಕಾಗಿತ್ತು. ಕೋಲ್ಡ್ ಸ್ಟೋರಿಗೆ, ಎಂದರೆ ಇಲ್ಲಿಯ ಮೂಲೆ ಅಂಗಡಿಗೆ, ಬೇಡದಿದ್ದರೂ ಹೋಗಿ ಮಾತಾಡಿ ಬರುತ್ತಿದ್ದೆ. ಹಾಗಿರುವಾಗ ಅಮೆರಿಕನ್ ಪಠ್ಯದ ಶಾಲೆಯೊಂದು ಪ್ರೊಬೇಷನ್ ಮೇಲೆ ಕರೆಯಿತು. ಪ್ರಿನ್ಸಿಪಾಲರು ಒಂದು ದಿನ ತರಗತಿಯಲ್ಲಿ ಕುಳಿತು ನೋಡುತ್ತಾರೆ. ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಖಲಾಸ್. ನಮ್ಮೂರಲ್ಲಿ ಖಲಾಸ್ ಎಂದರೆ ಕಥೆಯೇ ಮುಗಿದಂತೆ. ಇಲ್ಲಿ ಚಹಾ ಕುಡಿದು ಮುಗಿಸಿದರೂ ಖಲಾಸ್. ನನಗೆ ಮಾತ್ರ ಅದು ಊರಿನ ಅರ್ಥದಲ್ಲೇ ಕೇಳಿಸಿತು.

ಎರಡನೆಯ ವಾರದಲ್ಲೇ ಎಡವಿದೆ. ಕೆಳಮನೆಯಲ್ಲಿ ಬಹುಮತ ಹೋದರೆ ಅಧ್ಯಕ್ಷರು ರಾಜೀನಾಮೆ ಕೊಡಬೇಕು ಎಂದುಬಿಟ್ಟೆ. ಎಷ್ಟೋ ವರ್ಷ ವಿಶ್ವಾಸಮತ, ಪಕ್ಷಾಂತರ, ಶಾಸಕರ ರೆಸಾರ್ಟ್ ಯಾತ್ರೆಗಳನ್ನೇ ಪಾಠ ಮಾಡಿದ ಬಾಯಿ ಅದು. ಮುಂದಿನ ಬೆಂಚಿನ ಮರಿಯಂ ಎಂಬ ಬಹ್ರೇನಿ ಹುಡುಗಿ ಪುಸ್ತಕ ತೆರೆದು, ಅವರು ನಾಲ್ಕು ವರ್ಷವೂ ಇರುತ್ತಾರಲ್ಲ ಮಿಸ್ ಎಂದು ಮೆಲ್ಲಗೆ ಕೇಳಿದಳು. ನಾಲಿಗೆ ಕಚ್ಚಿಕೊಂಡೆ.

ಅದೇ ಶಾಲೆಯಲ್ಲಿ ಗಣಿತ ಕಲಿಸುವ ಉಪ್ಪಿನಂಗಡಿಯ ಸಫಿಯಾ ನಮ್ಮ ನೆರೆಮನೆಯವರು. ದಿನವೂ ಅವರ ಕಾರಿನಲ್ಲೇ ನನ್ನ ಪ್ರಯಾಣ. ಅವರ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ಹಾಗಾಗಿ ಕಾರಿನೊಳಗೆ ಕನ್ನಡದ್ದೇ ರಾಜ್ಯಭಾರ. ಅವರ ಬಳಿ ಗೋಳು ಹೇಳಿಕೊಂಡೆ.

“ನಮ್ಮಲ್ಲಿ ಸರ್ಕಾರ ಅಂದ್ರೆ ಒಲೆ ಮೇಲಿಟ್ಟ ಹಾಲು ಟೀಚರ್, ಕಣ್ಣು ತೆಗೀಲಿಕ್ಕೆ ಆಗುದಿಲ್ಲ,” ಎಂದರು ಸಫಿಯಾ, ರೌಂಡ್‌ಅಬೌಟ್ ಸುತ್ತುತ್ತಾ. “ಅಮೆರಿಕದ್ದು ನಮ್ಮ ಬಾಡಿಗೆ ಎಗ್ರಿಮೆಂಟಿನ ಹಾಗೆ. ಓನರ್ ಮಾತು ಬಿಟ್ರೂ ವಾಯಿದೆ ಮುಗಿಯುವವರೆಗೆ ಮನೆ ನಮ್ದೇ.”

ಮರುದಿನ ತಪ್ಪು ತಿದ್ದಿಕೊಂಡು ಅದನ್ನೇ ಹೇಳಿದೆ. ಬಾಡಿಗೆ ಮನೆಯ ಮಕ್ಕಳಿಗೆ ತಟ್ಟನೆ ಅರ್ಥವಾಯಿತು. ಮಹಾಭಿಯೋಗದ ಮಾತನ್ನು ಆಮೇಲೆ ಸೇರಿಸಿದೆ. ನಮ್ಮೂರಿನ ಮತಗಟ್ಟೆ, ಎಡಗೈ ತೋರುಬೆರಳಿನ ಶಾಯಿಯ ಕಥೆಯನ್ನೂ ಹೇಳಿದೆ.

ಪ್ರಿನ್ಸಿಪಾಲರು ಬರುವ ದಿನ ತರಗತಿಯನ್ನೇ ಸೆನೆಟ್ ಮಾಡಿದೆ. ಒಹಾಯೊದ ಆ ಗಂಭೀರ ಹೆಂಗಸನ್ನು ಮಕ್ಕಳು ಅಧ್ಯಕ್ಷೆಯನ್ನಾಗಿ ಆರಿಸಿ ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಮಸೂದೆಯೂ ಮಕ್ಕಳದೇ: ಎಸಿಯನ್ನು ಇಪ್ಪತ್ತನಾಲ್ಕು ಡಿಗ್ರಿಯ ಕೆಳಗೆ ಇಳಿಸಬಾರದು. ಕೆಳಮನೆಯಾಗಿದ್ದ ಪಕ್ಕದ ತರಗತಿ ಹಿಂದಿನ ದಿನವೇ ಅದಕ್ಕೆ ಒಪ್ಪಿತ್ತು. ಇಲ್ಲಿ ಸ್ವೆಟರ್ ಹಾಕಿ ನಡುಗುವವರು ಒಂದು ಕಡೆ, ಮರಿಯಂ ಮುಂದಾಳತ್ವದ ಚಳಿಪ್ರಿಯರು ಇನ್ನೊಂದು ಕಡೆ. ಮತ ಸಮ ಸಮ ಬಿತ್ತು.

ಸೆನೆಟ್‌ನಲ್ಲಿ ಮತ ಸಮವಾದರೆ ಉಪಾಧ್ಯಕ್ಷರೇ ಓಟು ಹಾಕಬೇಕು. ಸಭೆ ನಡೆಸುತ್ತಿದ್ದ ಉಪಾಧ್ಯಕ್ಷೆ ನಾನು. ನಮ್ಮ ಪ್ರಿನ್ಸಿಪಾಲರ ಕೋಣೆ ಮಂಜುಗಡ್ಡೆಯ ಪೆಟ್ಟಿಗೆ ಎಂಬುದು ಶಾಲೆಗೆಲ್ಲ ಗೊತ್ತು. ಅತ್ತ ದರಿ, ಇತ್ತ ಪುಲಿ. ಆದರೂ ನಡುಗುವವರ ಪರವಾಗಿ ಕೈ ಎತ್ತಿದೆ.

ಸೋತ ಮರಿಯಂ ಎದ್ದು ಬಂದಳು. ನನ್ನ ಎಡಗೈ ಹಿಡಿದು, ತೋರುಬೆರಳಿನ ಉಗುರಿನ ಮೇಲೆ ನೀಲಿ ಮಾರ್ಕರಿನಿಂದ ಗೀಟು ಎಳೆದಳು.

ಮಸೂದೆ ಹಿಂದಿನ ಬೆಂಚಿಗೆ ಹೋಯಿತು. ನಮ್ಮಲ್ಲಾದರೆ ರಾಷ್ಟ್ರಪತಿಯ ಸಹಿ ಬಹುಮಟ್ಟಿಗೆ ಬಿದ್ದಂತೆಯೇ. ಪ್ರಿನ್ಸಿಪಾಲರು ಓದಿ, ಕನ್ನಡಕ ಸರಿಪಡಿಸಿ, “ವೀಟೊ” ಎಂದು ಹಿಂದಿರುಗಿಸಿದರು. ವೀಟೊ ಮೀರಲು ಮೂರನೇ ಎರಡರಷ್ಟು ಬಹುಮತ ಬೇಕು ಎಂದು ಮಕ್ಕಳು ಮತ್ತೆ ಎಣಿಕೆಗೆ ಬಿದ್ದರು. ನಾನು ಮಾತ್ರ ಕೆಲಸ ಹೋಯಿತೆಂದೇ ನಿಂತಿದ್ದೆ. ಗಂಟೆ ಹೊಡೆದ ಮೇಲೆ ಅವರು ಹತ್ತಿರ ಬಂದು, ನಿಮ್ಮ ಮಸೂದೆಗಷ್ಟೇ ನನ್ನ ತಕರಾರು, ಕರಾರಿಗೆ ನಾಳೆ ಸಹಿ ಹಾಕುತ್ತೇನೆ ಎಂದರು. ಅಷ್ಟು ಖುಷಿ ಈ ನೆಲದಲ್ಲಿ ನನಗೆ ಅದುವರೆಗೆ ಆಗಿರಲಿಲ್ಲ.

ಕಾರಿನಲ್ಲಿ ಸಫಿಯಾ ನನ್ನ ಬೆರಳು ನೋಡಿದರು. ಊರಿನಲ್ಲಿ ಅದೇ ವಾರ ಚುನಾವಣೆ. ಶಿರ್ವದ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಇದೆ. ಹೋಗಲು ರಜೆ ಇರಲಿಲ್ಲ.

“ಎಂತ ಟೀಚರ್, ಯಾವಾಗ ಊರಿಗೆ ಹೋಗಿ ಓಟು ಹಾಕಿ ಬಂದದ್ದು?”

“ಓಟು ಹಾಕಿದ್ದು ಹೌದು,” ಎಂದೆ. “ಯಾವ ಊರಿಂದು ಅಂತ ಮಾತ್ರ ಕೇಳ್ಬೇಡಿ.”

ಇಬ್ಬರೂ ನಕ್ಕೆವು. ಸಂಜೆ ಅಕ್ಕಿ ತೊಳೆಯುವಾಗ ನೋಡಿಕೊಂಡೆ, ಎಡಗೈಯ ಆ ಒಂದು ಬೆರಳನ್ನು ನೀರು ತಾಗದಂತೆ ಮೇಲೆತ್ತಿ ಹಿಡಿದಿದ್ದೆ.